ಹಲ್ಲು ನೋಡಿ ವಯಸ್ಸು ಹೇಳ್ತೀರಾ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗನಿಗೆ ಆರೂವರೆ ವರ್ಷ ಆಯ್ತು, ಇನ್ನೂ ಒಂದು ಹಲ್ಲೂ ಅಲ್ಲಾಡಿಲ್ಲ. ಪಕ್ಕದ್ಮನೆ ಹುಡುಗಿಗೆ ಐದೂವರೆಗೇ ಎರಡು ಬಿತ್ತು. ನಮ್ಮತ್ತೆ "ಸ್ಕೂಲಿಗೆ ಸೇರ್ಸೋ ಆತುರಕ್ಕೆ ಒಂದ್ವರ್ಷ ಜಾಸ್ತಿ ಬರ್ಸಿದೀರ" ಅಂತ ದಿನಾ ಹಂಗಿಸ್ತಾರೆ. ತೊಂದ್ರೆ ಏನಾದ್ರೂ ಇದ್ಯಾ? – ತಿಪಟೂರಿನ ಓದುಗರು

ಉತ್ತರ: ಏನೂ ಇಲ್ಲಮ್ಮ. ಕೆಳಗಿನ ಮುಂದಿನ ಎರಡು ಹಲ್ಲು ಸಾಮಾನ್ಯವಾಗಿ 6–7 ವರ್ಷಕ್ಕೆ ಬೀಳತ್ತೆ, ಹುಡುಗೀರಿಗೆ ಸ್ವಲ್ಪ ಮುಂಚೆ, ಕೆಲವು ಮನೆತನದಲ್ಲಿ ಎಲ್ರಿಗೂ ಲೇಟು, ನಿಮ್ಮ ಯಜಮಾನ್ರಿಗೆ ಯಾವಾಗ ಬಿತ್ತು ಅಂತ ಅತ್ತೇನೇ ಕೇಳಿ ನೋಡಿ. ಅದಿರ್ಲಿ, ಒಂದ್ಸಲ ಟಾರ್ಚ್ ಹಾಕಿ ಕೊನೇ ಹಾಲುಹಲ್ಲಿನ ಹಿಂದ್ಗಡೆ ನೋಡಿ, ದೊಡ್ಡ ದವಡೆಹಲ್ಲೊಂದು ಆಗ್ಲೇ ಬಂದಿರಬಹುದು. ಯಾವ ಹಲ್ಲೂ ಬೀಳದೆ ಸುಮ್ನೆ ಬರೋದ್ರಿಂದ ಎಷ್ಟೋ ಜನ ಅದನ್ನ ಹಾಲುಹಲ್ಲು ಅಂದ್ಕೊಂಡು ಹುಳುಕಾದ್ರೂ ಬಿಟ್ಬಿಡ್ತಾರೆ, ಅದು ಕೊನೇವರೆಗೂ ಇರ್ಬೇಕಾದ ಹಲ್ಲು ಕಣ್ರೀ. ಎಂಟು ತುಂಬಿದ್ರೂ ಏನೂ ಬೀಳ್ಲಿಲ್ಲ ಅಂದ್ರೆ ಒಂದು ಎಕ್ಸ್‌ರೇ ತೆಗ್ಸಿ.

ಪ್ರಶ್ನೆ: ನಮ್ಮ ಕಾಲ್ದಲ್ಲಿ ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದ್ರೆ ಒಂದನೇ ಕ್ಲಾಸು, ಹುಟ್ಟಿದ ತಾರೀಖು ಮೇಷ್ಟ್ರು ಬರೆದ ಜೂನ್ 1. ಎತ್ತು ಕೊಳ್ಳೋವಾಗ ಹಲ್ಲು ನೋಡ್ತಿದ್ದೋರು ಮಕ್ಕಳ ಹಲ್ಲು ಯಾಕೆ ನೋಡ್ಲಿಲ್ಲ? – ನಿವೃತ್ತ ಮೇಷ್ಟ್ರು, ಹಾವೇರಿ

ಉತ್ತರ: ನೋಡಿದ್ದಾರೆ ಮೇಷ್ಟ್ರೇ, ಆದ್ರೆ ಇಂಗ್ಲೆಂಡಲ್ಲಿ. 1833ರಲ್ಲಿ ಅಲ್ಲಿ ಬಟ್ಟೆ ಮಿಲ್ಲುಗಳಿಗೆ ಒಂಬತ್ತು ವರ್ಷದ ಒಳಗಿನ ಮಕ್ಕಳನ್ನ ಸೇರಿಸ್ಬಾರ್ದು ಅಂತ ಕಾನೂನು ಬಂತು, ಆದ್ರೆ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದೇ 1837ರಲ್ಲಿ. ಅಪ್ಪ ಅಮ್ಮ ಹೊಟ್ಟೆಪಾಡಿಗೆ ವಯಸ್ಸು ಏರಿಸಿ ಹೇಳೋರು, ಎತ್ತರ ಅಳೆದ್ರೆ ಊಟ ಇಲ್ದೆ ಸೊರಗಿದ ಮಗು ಚಿಕ್ಕದಾಗಿ ಕಾಣೋದು, ಗಟ್ಟಿಮುಟ್ಟಾಗಿರೋದು ದೊಡ್ಡದಾಗಿ ಕಾಣೋದು. ಆಗ ಎಡ್ವಿನ್ ಸಾಂಡರ್ಸ್ ಅನ್ನೋ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ನೋಡಿ, ಎತ್ತರಕ್ಕಿಂತ ಹಲ್ಲೇ ವಾಸಿ ಅಂತ 1837ರಲ್ಲಿ ಪಾರ್ಲಿಮೆಂಟಿನ ಮುಂದೆ ಇಟ್ಟ. ನಮ್ಮ ಜಾತ್ರೇಲಿ ಎರಡಲ್ಲು, ನಾಲ್ಕಲ್ಲು, ಬಾಯ್ಗೂಡಿದ್ದು ಅಂತ ಎತ್ತಿಗೆ ರೇಟು ಕಟ್ತಾರಲ್ಲ, ಹೆಚ್ಚು ಕಮ್ಮಿ ಅದೇ ಲೆಕ್ಕ!

ಪ್ರಶ್ನೆ: ನಾವು ದತ್ತು ತಗೊಂಡ ಮಗಳಿಗೆ ಆಗ "ಅಂದಾಜು 4 ವರ್ಷ" ಅಂತ ಬರ್ದಿದ್ರು. ಈಗ ಹಲ್ಲಿನ ಎಕ್ಸ್‌ರೇ ತೆಗ್ಸಿದ್ರೆ ನಿಜವಾದ ಹುಟ್ಟಿದ ದಿನ ಗೊತ್ತಾಗತ್ತಾ? – ಶಿವಮೊಗ್ಗದಿಂದ

ಉತ್ತರ: ದಿನ ಗೊತ್ತಾಗಲ್ಲ, ತಿಂಗಳೂ ಗೊತ್ತಾಗಲ್ಲ. ಹಲ್ಲು ಒಸಡಿಂದ ಹೊರಗೆ ಬರೋ ಹೊತ್ತನ್ನ ನಂಬೋಕಾಗಲ್ಲ, ಹಾಲುಹಲ್ಲು ಬೇಗ ಕೀಳಿಸಿದ್ರೂ ಜಾಗ ಸಾಲ್ದಿದ್ರೂ ಅದು ಹಿಂದೆ ಮುಂದೆ ಆಗತ್ತೆ. ದವಡೆ ಒಳಗೆ ಹಲ್ಲು ಕಟ್ಕೊಳ್ಳೋ ಕೆಲ್ಸ ಮಾತ್ರ, ಮೊದ್ಲು ತಲೆ, ಆಮೇಲೆ ಬೇರು, ಕೊನೆಗೆ ಬೇರಿನ ತುದಿ ಮುಚ್ಚೋದು, ಮಗು ಸ್ವಲ್ಪ ಹಸಿದಿದ್ರೂ ಕಾಯಿಲೆ ಬಿದ್ದಿದ್ರೂ ಹೆಚ್ಚಾಗಿ ಅದರ ಪಾಡಿಗೆ ನಡೀತಾ ಇರತ್ತೆ, ಮೂಳೆ ಅಷ್ಟು ನಿಯತ್ತಿಲ್ಲ. ಅದಕ್ಕೇ ಇಡೀ ಬಾಯಿಯ ಎಕ್ಸ್‌ರೇ, ಅಂದ್ರೆ ಓಪಿಜಿ ತೆಗೆದು, ಕೆಳಗಿನ ಎಡಗಡೆಯ ಏಳು ಹಲ್ಲುಗಳನ್ನ ಒಂದೊಂದಾಗಿ ನೋಡಿ, ಎ ಇಂದ ಎಚ್‌ವರೆಗಿನ ಎಂಟು ಹಂತದಲ್ಲಿ ಯಾವುದರಲ್ಲಿದೆ ಅಂತ ಅಂಕ ಹಾಕಿ ಕೂಡ್ತಾರೆ. ಇದು 1973ರ ಡೆಮಿರ್ಜಿಯನ್ ವಿಧಾನ. ಅದ್ರ ಪಟ್ಟಿ ಮಾಡಿದ್ದು ಕೆನಡಾದ ಫ್ರೆಂಚ್ ಮೂಲದ ಮಕ್ಕಳಿಂದ, ನಮ್ಮ ಮಕ್ಕಳಿಗೆ ಹಾಗೇ ಹಾಕಿದ್ರೆ ತಪ್ಪು ಬರೋದುಂಟು, ಅದಕ್ಕೆ ಧಾರವಾಡದ ಡಾ. ಅಶಿತ್ ಆಚಾರ್ಯ 2011ರಲ್ಲಿ ಭಾರತೀಯರಿಗೆ ಅಂತ್ಲೇ ಬೇರೆ ಸೂತ್ರ ಕೊಟ್ರು. ಅಷ್ಟೆಲ್ಲಾ ಮಾಡಿದ್ರೂ ಒಂದ್ವರ್ಷ ಆಚೆ ಈಚೆ ಇದ್ದೇ ಇರತ್ತೆ. ಬಾಲನ್ಯಾಯ ಕಾಯ್ದೆ ಕೂಡ ಮೊದ್ಲು ಶಾಲೆ, ಪಂಚಾಯ್ತಿ ದಾಖಲೆ ಕೇಳತ್ತೆ, ಯಾವುದೂ ಇಲ್ದಿದ್ರೆ ಮಾತ್ರ ವೈದ್ಯಕೀಯ ಪರೀಕ್ಷೆ. ನಿಮ್ಮ ಹತ್ರ ಕಾಗದದಲ್ಲಿ ಒಂದು ತಾರೀಖು ಇದ್ಯಲ್ಲ, ಕೇಕ್ ಕತ್ತರ್ಸೋಕೆ ಅದು ಸಾಕು, ಸುಮ್ನೆ ಮಗೂಗೆ ಎಕ್ಸ್‌ರೇ ಯಾಕೆ?

ಪ್ರಶ್ನೆ: ಸರ್, ನಂಗೆ 17, ಬುದ್ಧಿಹಲ್ಲು ಬಂದಿದೆ. 18 ಆದ ಹಾಗಲ್ವಾ? ಬೈಕ್ ಲೈಸೆನ್ಸ್ ಬೇಕಿತ್ತು. – ಹೆಸರು ಬೇಡ

ಉತ್ತರ: ಅಲ್ಲಪ್ಪ. ಅದು 17ಕ್ಕೂ ಬರತ್ತೆ, 25ಕ್ಕೂ ಬರತ್ತೆ, ಕೆಲವರಿಗೆ ಬರೋದೇ ಇಲ್ಲ. ನೋವಿದ್ರೆ ನನ್ನ ಹತ್ರ ಬಾ, ಲೈಸೆನ್ಸ್‌ಗೆ ಮುಂದಿನ ವರ್ಷ ಆರ್‌ಟಿಓಗೆ ಹೋಗು.