ಫೀಸು, ಸಾಲ, ಸ್ಕಾಲರ್‌ಶಿಪ್: ಎಕ್ಸ್‌ರೇ–ಸ್ಕ್ಯಾನಿಂಗ್ ಓದುವವರ ಪ್ರಶ್ನೆಗಳು

ಮೆಡಿಕಲ್ ಇಮೇಜಿಂಗ್ ಕೋರ್ಸ್ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಯಂತ್ರಗಳ ವಿಷಯ ಕಡಿಮೆ, ದುಡ್ಡಿನ ವಿಷಯವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಮೈಸೂರಿನ ಖಾಸಗಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಸೀಟು ಸಿಕ್ಕಿದೆ. ನಮ್ಮದು ಒಂದೂವರೆ ಎಕರೆ ಕಬ್ಬು. ಪ್ರಗತಿ ಸ್ಕಾಲರ್‌ಶಿಪ್‌ಗೆ ಹಾಕಿದರೆ 50,000 ಬರುತ್ತೆ ಅಂತ ಸೈಬರ್ ಸೆಂಟರಿನವರು ಹೇಳ್ತಾರೆ, ನಿಜವೇ? ಬೇರೆ ಏನೇನು ಸಿಗುತ್ತದೆ? (ಮದ್ದೂರು ತಾಲ್ಲೂಕಿನ ರೈತರು)

ಉತ್ತರ: ಪ್ರಗತಿ ನಿಮಗೆ ಬರುವುದಿಲ್ಲ. ಅದು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆಯ ತಾಂತ್ರಿಕ ಕೋರ್ಸ್ ಓದುವ ಹೆಣ್ಣುಮಕ್ಕಳಿಗೆ. ಇಮೇಜಿಂಗ್ ಕೋರ್ಸಿನ ಹೆಸರಲ್ಲಿ 'ಟೆಕ್ನಾಲಜಿ' ಇದ್ದರೂ ಅದು ಅಲೈಡ್ ಹೆಲ್ತ್ (ವೈದ್ಯರಿಗೆ ನೆರವಾಗುವ ಆರೋಗ್ಯ ಸೇವೆ) ವಿಭಾಗದ್ದು, 2021ರ ಅಲೈಡ್ ಹೆಲ್ತ್‌ಕೇರ್ ಆಯೋಗದ ಕಾಯ್ದೆಯಡಿ ಬರುವಂಥದ್ದು. ಅರ್ಜಿ ಹಾಕಿಸಿ ದುಡ್ಡು ಇಸಿದುಕೊಳ್ಳುವವರಿಗೆ ಈ ವ್ಯತ್ಯಾಸ ಬೇಕಾಗಿಲ್ಲ.

ನಿಮ್ಮ ಮುಖ್ಯ ದಾರಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಯಾರೇ ಆದರೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅಲ್ಲಿಯೇ ಅರ್ಜಿ. ಆದಾಯ ಮಿತಿ ವರ್ಗದಿಂದ ವರ್ಗಕ್ಕೆ ಬೇರೆ; ಪರಿಶಿಷ್ಟ ಜಾತಿಯವರ ಕೇಂದ್ರ ಯೋಜನೆಗೆ ವರ್ಷಕ್ಕೆ 2.5 ಲಕ್ಷ. ಅರ್ಜಿಗೆ ಕೂರುವ ಮುಂಚೆ ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ ತೆಗೆದು ನೋಡಿ. ಅದರ ಮೇಲಿನ ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಹೆಸರು, ಆದಾಯ ತಾವಾಗಿಯೇ ಬರುತ್ತವೆ, ಅಲ್ಲಿ ತಿದ್ದಲು ಆಗುವುದಿಲ್ಲ. ಆದಾಯ ಪತ್ರದ ಆಯಸ್ಸು 5 ವರ್ಷ. ಮಗಳು ಪ್ರೌಢಶಾಲೆಯಲ್ಲಿದ್ದಾಗ ಮಾಡಿಸಿದ್ದಾದರೆ ಕೋರ್ಸಿನ ಮಧ್ಯದಲ್ಲಿ ಮುಗಿಯುತ್ತದೆ, ಈಗಲೇ ಹೊಸದು ಮಾಡಿಸಿ. ಅಂಕಪಟ್ಟಿಯಂಥ ದಾಖಲೆಗಳಿಗೆ ಕಾಲೇಜಿನ ಅಧಿಕಾರಿಯ ಇ–ಅಟೆಸ್ಟೇಷನ್ (ಆನ್‌ಲೈನ್ ದೃಢೀಕರಣ) ಬೇಕು. ಕೊನೆಯ ವಾರದಲ್ಲಿ ಆ ಅಧಿಕಾರಿಯ ಮುಂದೆ ಇಡೀ ಕಾಲೇಜೇ ನಿಂತಿರುತ್ತದೆ.

ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಪ್ಯಾರಾಮೆಡಿಕಲ್ ಕೋರ್ಸ್‌ಗಳಿಗೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. ಅದು ಸಿಗುವುದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮೇಲೆ. ಮಂಡ್ಯದ ಕಡೆ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಉಳುವವರು ನೀವು, ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿ. ಪೌತಿ ಖಾತೆ ಆಗದೆ ಆ ಜಮೀನು ನಿಮ್ಮ ಎಫ್‌ಐಡಿಗೆ ಸೇರುವುದಿಲ್ಲ. ಈ ಸಾಲಿಗೆ ಅನುದಾನ ಬಿಡುಗಡೆಯಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆ ಹಣವನ್ನು ನಂಬಿ ಫೀಸಿನ ಲೆಕ್ಕ ಹಾಕಬೇಡಿ.

ಮಗಳ ಪಿಯುಸಿ ಅಂಕ ಚೆನ್ನಾಗಿದ್ದರೆ ಕೇಂದ್ರದ ಪಿಎಂ–ಯುಎಸ್‌ಪಿ ವಿದ್ಯಾರ್ಥಿವೇತನ ಇದೆ: ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ಕುಟುಂಬದ ಆದಾಯ 4.5 ಲಕ್ಷದೊಳಗೆ ಇರಬೇಕು. ಇಲ್ಲಿ ಕೇಳುವುದು ಶೇಕಡಾ 80 ಅಂಕ ಅಲ್ಲ, 80ನೇ ಪರ್ಸೆಂಟೈಲ್. ಅಂದರೆ ಬೋರ್ಡಿನಲ್ಲಿ ತನ್ನ ವಿಭಾಗದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿ ಇರಬೇಕು. ಇದನ್ನು ಪಡೆದರೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎಸ್‌ಎಸ್‌ಪಿಯಲ್ಲಿ ಶುಲ್ಕ ವಾಪಸಾತಿ ದೊಡ್ಡ ಮೊತ್ತದಲ್ಲಿ ಸಿಗುವವರಿಗೆ 12,000ದ ಆಸೆ ನಷ್ಟದ ವ್ಯಾಪಾರ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿದ ಹುಡುಗಿಯಾಗಿದ್ದರೆ ವರ್ಷಕ್ಕೆ 30,000 ರೂಪಾಯಿಯ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ನ ನಿಯಮಗಳನ್ನೂ ಓದಿ. ಅದಕ್ಕೆ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಮನೆಯಲ್ಲಿ ಯಾರಾದರೂ ನೋಂದಾಯಿತ ಕಟ್ಟಡ ಕಾರ್ಮಿಕರಿದ್ದರೆ ಕಾರ್ಮಿಕ ಮಂಡಳಿಯ ಶೈಕ್ಷಣಿಕ ಧನಸಹಾಯ ಬೇರೆಯೇ ಇದೆ.

ಪ್ರಶ್ನೆ: ಎಸ್‌ಎಸ್‌ಪಿಯಲ್ಲಿ ಹಣ ಮಂಜೂರಾಗಿದೆ ಅಂತ ತೋರಿಸುತ್ತಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಏನೂ ಇಲ್ಲ. ಖಾತೆಗೆ ಆಧಾರ್ ಲಿಂಕ್ ಇದೆ. (ಕೆ.ಆರ್. ಪೇಟೆಯ ವಿದ್ಯಾರ್ಥಿ)

ಉತ್ತರ: ಲಿಂಕ್ ಇದ್ದರೆ ಸಾಲದು, ಸೀಡಿಂಗ್ ಆಗಿರಬೇಕು. ಖಾತೆ ತೆರೆಯುವಾಗ ಗುರುತಿಗೆಂದು ಆಧಾರ್ ಕೊಟ್ಟಿರುತ್ತೀರಿ, ಅದು ಲಿಂಕ್. ಸರ್ಕಾರದ ಹಣ ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪರ್, ಅಂದರೆ ಆಧಾರ್–ಬ್ಯಾಂಕ್ ಜೋಡಿಯ ಪಟ್ಟಿ, ಯಾವ ಬ್ಯಾಂಕನ್ನು ತೋರಿಸುತ್ತದೋ ಅಲ್ಲಿಗೆ, ಮತ್ತು ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್. ಅಲ್ಲಿ ನಮೂದಾಗುವುದೇ ಸೀಡಿಂಗ್. ಸ್ಕಾಲರ್‌ಶಿಪ್‌ಗೆ ಕೊಟ್ಟ ಖಾತೆ ಒಂದು, ಆಮೇಲೆ ಎಲ್ಲೋ ಕ್ಯಾಂಪಿನಲ್ಲಿ ಬೆರಳೊತ್ತಿ ತೆರೆದ ಖಾತೆ ಇನ್ನೊಂದು ಇದ್ದರೆ, ಮ್ಯಾಪಿಂಗ್ ಹೊಸದಕ್ಕೆ ಹಾರಿರುವ ಸಾಧ್ಯತೆಯೇ ಹೆಚ್ಚು. ಹಣ ಅಲ್ಲಿಯೇ ಕೂತಿರಬಹುದು.

ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿ. ಬ್ಯಾಂಕಿನ ಹೆಸರು, ಸೀಡ್ ಆದ ದಿನಾಂಕ, ಸಕ್ರಿಯವೋ ಅಲ್ಲವೋ, ಮೂರೂ ಬರುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ಮೊದಲು ಅಲ್ಲಿನ ಪಾಸ್‌ಬುಕ್ ನೋಡಿ, ಆಮೇಲೆ ನಿಮಗೆ ಬೇಕಾದ ಶಾಖೆಗೆ ಹೋಗಿ. 'ಆಧಾರ್ ಲಿಂಕ್ ಮಾಡಿ' ಅನ್ನಬೇಡಿ, 'ಎನ್‌ಪಿಸಿಐ ಸೀಡಿಂಗ್ ಒಪ್ಪಿಗೆ ಫಾರಂ ಕೊಡಿ' ಎನ್ನಿ. ಖಾತೆ 'ಸ್ಮಾಲ್ ಅಕೌಂಟ್' (ಪೂರ್ಣ ದಾಖಲೆ ಇಲ್ಲದೆ ತೆರೆದದ್ದು) ಆಗಿದ್ದರೆ ಇನ್ನೊಂದು ತೊಡಕಿದೆ: ಅದರಲ್ಲಿ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷದ ಒಟ್ಟು ಜಮಾ 1 ಲಕ್ಷ ದಾಟುವಂತಿಲ್ಲ. ಶುಲ್ಕದ ಮೊತ್ತ ಬಂದು ವಾಪಸ್ ಹೋಗಬಹುದು. ಪೂರ್ಣ ಕೆವೈಸಿ ಮಾಡಿಸಿಬಿಡಿ.

ಪ್ರಶ್ನೆ: ಅಮೆರಿಕದಲ್ಲಿ ಎಕ್ಸ್‌ರೇ ಟೆಕ್ನಿಷಿಯನ್‌ಗಳ ಓದಿನ ಸಾಲ ಮನ್ನಾ ಮಾಡುತ್ತಾರಂತೆ. ಸರ್ಕಾರಿ ಆಸ್ಪತ್ರೆಗೆ ಸೇರಿದರೆ ನಮ್ಮಲ್ಲೂ ಆಗುತ್ತದೆಯೇ? (ನಂಜನಗೂಡಿನ ಓದುಗರು)

ಉತ್ತರ: ಅಲ್ಲಿಯದು 2007ರ ಕಾಯ್ದೆಯಲ್ಲಿ ಬಂದ ಪಬ್ಲಿಕ್ ಸರ್ವಿಸ್ ಲೋನ್ ಫರ್‌ಗಿವ್‌ನೆಸ್. ಸರ್ಕಾರಿ ಅಥವಾ ಲಾಭರಹಿತ ಆಸ್ಪತ್ರೆಯಲ್ಲಿ ಪೂರ್ಣಾವಧಿ ದುಡಿಯುತ್ತಾ 120 ಮಾಸಿಕ ಕಂತು ಕಟ್ಟಿದ ಮೇಲೆ ಉಳಿದ ಬಾಕಿ ರದ್ದು. ಹತ್ತು ವರ್ಷ ಕಟ್ಟಿದ ಮೇಲಿನ ಮಾತು ಅದು. ಅದೂ ಅಮೆರಿಕ ಸರ್ಕಾರವೇ ಕೊಟ್ಟ ಡೈರೆಕ್ಟ್ ಲೋನ್‌ಗೆ ಮಾತ್ರ. ಇಲ್ಲಿನ ಬ್ಯಾಂಕಿನಲ್ಲಿ ಸಾಲ ತೆಗೆದು ಅಲ್ಲಿ ಹೋಗಿ ಓದಿದವರಿಗೂ ಅನ್ವಯಿಸುವುದಿಲ್ಲ.

ನಮ್ಮಲ್ಲಿ ಅಂಥ ಯೋಜನೆ ಇಲ್ಲ. 2018ರಲ್ಲಿ ರಾಜ್ಯ ಸರ್ಕಾರ ಮನ್ನಾ ಮಾಡಿದ್ದು ಬೆಳೆ ಸಾಲ. ಶಿಕ್ಷಣ ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ. 'ಇವತ್ತಲ್ಲ ನಾಳೆ ಮನ್ನಾ ಆದೀತು' ಎಂದು ಕಂತು ನಿಲ್ಲಿಸಿದರೆ ಸಹಸಾಲಗಾರರಾದ ಅಪ್ಪನ ಸಿಬಿಲ್ (ಸಾಲ ತೀರಿಸುವಿಕೆಯ ಅಂಕ) ಕೆಡುತ್ತದೆ.

ಇಲ್ಲಿ ನಿಜವಾಗಿ ಸಿಗುವುದು ಬಡ್ಡಿಯ ಮನ್ನಾ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಕಾಲೇಜು–ಕೋರ್ಸಿಗೆ ಬೇಕಾದ ಮಾನ್ಯತೆ ಇದ್ದರೆ (ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ), ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಪೂರ್ತಿ ಬಡ್ಡಿಯನ್ನು ಕೇಂದ್ರ ಭರಿಸುತ್ತದೆ. ವರ್ಷಕ್ಕೆ 80,000ದಂತೆ ಮೂರು ವರ್ಷ ಸಾಲ, ಶೇಕಡಾ 10 ಸರಳ ಬಡ್ಡಿ ಎಂದಿಟ್ಟುಕೊಳ್ಳಿ. ಮೂರು ವರ್ಷದ ತರಗತಿ, ನಾಲ್ಕನೇ ವರ್ಷದ ಇಂಟರ್ನ್‌ಶಿಪ್ ಮುಗಿದು ಒಂದು ವರ್ಷ ಕಳೆಯುವಾಗ ಅಸಲು 2,40,000, ಬಡ್ಡಿ 96,000. ಹತ್ತು ವರ್ಷದ ಕಂತಿಗೆ ಹಾಕಿದರೆ ಸಹಾಯಧನ ಇಲ್ಲದವರಿಗೆ ತಿಂಗಳಿಗೆ ಸುಮಾರು 4,440. ಇರುವವರಿಗೆ ಸುಮಾರು 3,170. ಇದಕ್ಕೆ ಆದಾಯ ಪತ್ರವನ್ನು ಸಾಲ ಮಂಜೂರಾಗುವಾಗಲೇ ಕೊಟ್ಟು, ಸ್ವೀಕೃತಿ ಬರೆಸಿಕೊಳ್ಳಿ. ಆಮೇಲೆ ಕೊಡೋಣ ಎಂದವರು ಆಮೇಲೆ ಬಡ್ಡಿ ಕಟ್ಟುತ್ತಾರೆ.

2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ–ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೂ ಶೇಕಡಾ 3 ಬಡ್ಡಿ ರಿಯಾಯಿತಿ ಇದೆ. ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಇನ್ನು ಕೆಲಸ ಸಿಗದ ಕಾಲಕ್ಕೆ, ಸಾಲದ ಅವಧಿಯಲ್ಲಿ ಎರಡು–ಮೂರು ಬಾರಿ ಕಂತಿಗೆ ಬಿಡುವು ಕೊಡಲು ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕಂತು ತಪ್ಪುವ ಮುಂಚೆ ಲಿಖಿತವಾಗಿ ಕೇಳಬೇಕು.

ಪ್ರಶ್ನೆ: ಮಗನ ಓದಿನ ಸಾಲಕ್ಕೆ ಹೋದರೆ ಮೈಸೂರಿನ ಬ್ಯಾಂಕಿನವರು 'ನಿಮ್ಮೂರಿನ ಶಾಖೆಗೆ ಹೋಗಿ' ಅಂದರು. ಊರಿನವರು 3 ಲಕ್ಷಕ್ಕೆ ಜಮೀನಿನ ಪತ್ರ ಕೇಳುತ್ತಿದ್ದಾರೆ. (ಪಾಂಡವಪುರದ ಪೋಷಕರು)

ಉತ್ತರ: ಎರಡೂ ಸರಿಯಲ್ಲ. ಊರು ನಮ್ಮ ಸೇವಾ ವ್ಯಾಪ್ತಿಗೆ ಬರುವುದಿಲ್ಲ ಎಂದು ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. 4 ಲಕ್ಷದವರೆಗೆ ಅಡಮಾನವೂ ಇಲ್ಲ, ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣವೂ ಇಲ್ಲ. 7.5 ಲಕ್ಷದವರೆಗೆ ಸರ್ಕಾರದ ಗ್ಯಾರಂಟಿ ನಿಧಿಯ ರಕ್ಷಣೆ ಇದೆ. ಕೌಂಟರಿನಲ್ಲಿ ವಾದಕ್ಕಿಳಿಯಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಅಲ್ಲಿ ನಿರಾಕರಿಸಿದರೆ ಅದಕ್ಕೊಂದು ದಾಖಲೆ ಉಳಿಯುತ್ತದೆ. ಅದನ್ನು ಹಿಡಿದು ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಿಸುವ ಬ್ಯಾಂಕ್) ಮ್ಯಾನೇಜರ್ ಬಳಿ ಹೋಗಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ಪರಿಹರಿಸುವ ಅಧಿಕಾರಿ) ಆನ್‌ಲೈನಿನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ಮಂಜೂರಾತಿ ಪತ್ರ ಕೈಗೆ ಬಂದಾಗ ಒಂದು ಸಾಲನ್ನು ಬೆರಳಿಟ್ಟು ಓದಿ: 'ಕೋರ್ಸ್ ಅವಧಿ'. ಬಿ.ಎಸ್‌ಸಿ. ಇಮೇಜಿಂಗ್ ಎಂದರೆ ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್. ಕಂತು ಶುರುವಾಗುವುದು ಪತ್ರದಲ್ಲಿರುವ ಅವಧಿ ಮುಗಿದು ಒಂದು ವರ್ಷಕ್ಕೆ. ಫೀಸಿನ ಪಟ್ಟಿಯಲ್ಲಿ ಮೂರೇ ವರ್ಷ ಇರುವುದರಿಂದ ಬ್ಯಾಂಕಿನವರು ಅವಧಿಯನ್ನೂ ಮೂರು ಎಂದೇ ನಮೂದಿಸಿದರೆ, ಮಗ ಇಂಟರ್ನ್‌ಶಿಪ್ ಮುಗಿಸಿ ಹೊರಬರುವ ತಿಂಗಳಿಗೇ ಕಂತು ಶುರುವಾಗುತ್ತದೆ. ಕೆಲಸ ಹುಡುಕಲು ಇರಬೇಕಾದ ಒಂದು ವರ್ಷ ಮಾಯ. 'ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ' ಎಂದು ಕಾಲೇಜಿನಿಂದ ಬರೆಸಿ, ಸಹಿಗೆ ಮುಂಚೆಯೇ ತಿದ್ದಿಸಿ. ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಸಮವಸ್ತ್ರಗಳನ್ನೂ ಸಾಲದಲ್ಲಿ ಸೇರಿಸಬಹುದು. ವಾಪಸ್ ಬರುವ ಡೆಪಾಸಿಟ್, ಕಟ್ಟಡ ನಿಧಿಯಂಥವು ಒಟ್ಟು ಬೋಧನಾ ಶುಲ್ಕದ ಶೇಕಡಾ 10 ಮೀರಬಾರದು. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋಗುವವರಿಗೆ ಬಡ್ಡಿ ದರದಲ್ಲಿ ಶೇಕಡಾ 1ರವರೆಗೆ ಕಡಿತ ಇದೆ, ಕೇಳಿ ಪಡೆಯಿರಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಆದ ಮೇಲೆ ಇಮೇಜಿಂಗ್ ಡಿಪ್ಲೊಮಾ ಮಾಡಿದರೂ ಇವೆಲ್ಲ ಸಿಗುತ್ತವೆಯೇ? (ಹುಣಸೂರು)

ಉತ್ತರ: ಎಸ್‌ಎಸ್‌ಪಿ ಸಿಗುತ್ತದೆ, ಪಿಎಂ–ಯುಎಸ್‌ಪಿ ಪದವಿಗೆ ಮಾತ್ರ. ಎಸ್‌ಎಸ್‌ಎಲ್‌ಸಿ ಆದವರಿಗೆ ಡಿಪ್ಲೊಮಾ ಮೂರು ವರ್ಷ, ಪಿಯುಸಿ ವಿಜ್ಞಾನದವರಿಗೆ ಎರಡು. ಸೇರುವ ಮುಂಚೆ ಸಂಸ್ಥೆಯ ಹೆಸರು ರಾಜ್ಯ ಪ್ಯಾರಾಮೆಡಿಕಲ್ ಬೋರ್ಡಿನ ಪಟ್ಟಿಯಲ್ಲಿ ಇದೆಯೇ ನೋಡಿ. ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಅಥವಾ ಆಯಾ ವಿಶ್ವವಿದ್ಯಾಲಯದ ಪಟ್ಟಿ. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ 'ಸರ್ಕಾರಿ ಮಾನ್ಯತೆ' ಪೋಸ್ಟರ್ ಲೆಕ್ಕಕ್ಕಿಲ್ಲ. ಎಸ್‌ಎಸ್‌ಪಿಯ ಕಾಲೇಜುಗಳ ಪಟ್ಟಿಯಲ್ಲಿ ಆ ಹೆಸರು ಬರದಿದ್ದರೆ ಅಡ್ವಾನ್ಸ್ ಕೊಡಬೇಡಿ.