ಶಿಕ್ಷಕಿಯಾಗಿದ್ದುಕೊಂಡೇ ಸೀರೆ ಕುಚ್ಚಿನ ಕೆಲಸ ಶುರು ಮಾಡಬಹುದೇ?

ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೇ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟಿಕೊಡುವ ಕೆಲಸ ಹಿಡಿಯಬಹುದೇ ಎಂದು ಕೇಳಿದ್ದೀರಿ. ನಿಮ್ಮದು ಸರ್ಕಾರಿ ಶಾಲೆಯೋ ಖಾಸಗಿಯೋ ಎಂಬುದನ್ನು ಬರೆದಿಲ್ಲ. ಮೊದಲು ನೋಡಬೇಕಾದದ್ದು ಅದನ್ನೇ.

ಸರ್ಕಾರಿ ಶಿಕ್ಷಕಿಯಾಗಿದ್ದರೆ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ಯಾವ ವ್ಯಾಪಾರವನ್ನೂ ಮಾಡುವಂತಿಲ್ಲ. ಗಂಡನ ಹೆಸರಿನಲ್ಲಿ ಮಾಡಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಕೇಳಬೇಡಿ. ಪರೋಕ್ಷವಾಗಿ ಮಾಡುವುದೂ ನಿಷಿದ್ಧವೇ. ಇದರ ಬದಲು ಮನೆಪಾಠ ಹೇಳೋಣವೆಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರಿಗೆ ಅದನ್ನೂ ನಿಷೇಧಿಸಿದೆ.

ನಾನು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಸಂಜೆ ಕುಚ್ಚು ಕಟ್ಟುತ್ತೇನೆ. ಖಾಸಗಿಯವರು ನೇಮಕಾತಿ ಪತ್ರದ ಷರತ್ತುಗಳನ್ನು ಒಮ್ಮೆ ಓದಿ, ಮುಖ್ಯೋಪಾಧ್ಯಾಯರಿಗೆ ತಿಳಿಸಿಯೇ ಶುರು ಮಾಡುವುದು ಒಳ್ಳೆಯದು.

ಈ ಕೆಲಸದಲ್ಲಿ ಕಷ್ಟ ಕೊಡುವುದು ಕ್ಯಾಲೆಂಡರ್. ಮಾರ್ಚಿನಲ್ಲಿ ಪರೀಕ್ಷೆ, ಅದು ಮುಗಿಯುತ್ತಿದ್ದಂತೆ ಮೌಲ್ಯಮಾಪನ. ಏಪ್ರಿಲ್, ಮೇ ತಿಂಗಳ ಮದುವೆಗಳ ಸೀರೆಗಳು ಮನೆಗೆ ಬಂದು ಬೀಳುವುದೂ ಆಗಲೇ. ಸಾದಾ ಕುಚ್ಚಾದರೆ ಸೆರಗಿನ ಎಳೆಗಳನ್ನು ಸಮನಾಗಿ ಬಿಡಿಸಿ, ಗಂಟು ಹಾಕಿ, ರೇಷ್ಮೆ ದಾರ ಸೇರಿಸಿ ಜರಿಯಿಂದ ಸುತ್ತಿದರೆ ಆಯಿತು. ಮದುಮಗಳ ಸೀರೆಗೆ ಕೇಳುವ ಕ್ರೋಶಾ ಕುಚ್ಚು ಹಾಗಲ್ಲ. ಕೊಕ್ಕೆಸೂಜಿ ಹಿಡಿದು ಮಣಿ ಪೋಣಿಸುತ್ತಾ ಸಾಲಿನ ಮೇಲೆ ಸಾಲು ಹೆಣೆಯಬೇಕು. ಉತ್ತರಪತ್ರಿಕೆ ತಿದ್ದಿ ದಣಿದ ಕಣ್ಣಿಗೆ ಎಣಿಕೆ ತಪ್ಪುತ್ತದೆ, ಬಿಚ್ಚಿ ಮತ್ತೆ ಹೆಣೆಯುವಾಗ ಅಂಚಿನ ರೇಷ್ಮೆ ಸವೆಯುತ್ತದೆ. ಆದ್ದರಿಂದ ಪರೀಕ್ಷೆಯ ದಿನಗಳಲ್ಲಿ ಕ್ರೋಶಾ ಕೆಲಸ ಒಪ್ಪಿಕೊಳ್ಳಲೇಬೇಡಿ. ಬೇಸಿಗೆ ರಜೆಯಲ್ಲಿ ಕೈತುಂಬಾ ಮಾಡಿ.

ದರ ಹೇಳುವಾಗ ದಾರ, ಮಣಿಯ ಖರ್ಚಿನ ಜೊತೆಗೆ ನಿಮ್ಮ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. "ಮನೆಯಲ್ಲೇ ಕೂತು ಮಾಡುವುದಲ್ಲವೇ, ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತಾರೆ. ಬಗ್ಗಬೇಡಿ. ಹೆಣ್ಣುಮಕ್ಕಳ ಕೈಕೆಲಸಕ್ಕೆ ಬೆಲೆಯೇ ಇಲ್ಲವೆಂಬ ಈ ಧೋರಣೆಯ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ.

ನಿಮ್ಮ ತರಗತಿಯ ಮಕ್ಕಳ ತಾಯಂದಿರಿಂದ ಕೆಲಸ ತೆಗೆದುಕೊಳ್ಳಬೇಡಿ. ಅವರೇ ಸುಲಭವಾಗಿ ಸಿಗುವ ಗಿರಾಕಿಗಳು, ನಿಜ. ಆದರೆ ಟೀಚರ್ ಬೇಜಾರು ಮಾಡಿಕೊಂಡಾರು ಎಂದು ಇಲ್ಲವೆನ್ನಲಾರದೆ ಕೊಡುವವರೂ ಅವರಲ್ಲಿರುತ್ತಾರೆ. ಮಗುವಿನ ಅಂಕಕ್ಕೂ ಸೀರೆಗೂ ನಂಟಿದೆ ಎಂದು ಒಬ್ಬರಿಗೆ ಅನ್ನಿಸಿದರೂ ಸಾಕು, ತರಗತಿಯಲ್ಲಿ ನಿಮ್ಮ ಮಾತಿನ ತೂಕ ಹೋಗುತ್ತದೆ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಕುಚ್ಚಿನ ಚಿತ್ರ ಹಾಕಲೇಬೇಡಿ.

ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿರಬೇಕು. ಇಂಥ ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಸಂಬಳದ ಜೊತೆಗೆ ಈ ಆದಾಯವನ್ನೂ ತೋರಿಸಬೇಕು. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ‘ಉದ್ಯಮ್’ ನೋಂದಣಿ ಉಚಿತ. ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರ ಬಳಿ ಹೋಗದೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಿ.