ಗುದ್ದಾಟ ಇಲ್ದೇನೇ ನಿಕ್ಲಾಸ್ ಲಿಡ್‌ಸ್ಟ್ರಾಮ್ ಅಷ್ಟು ದೊಡ್ಡ ಡಿಫೆನ್ಸ್‌ಮನ್ ಆಗಿದ್ದು ಹೇಗೆ?

ಐಸ್ ಹಾಕಿ ಡಿಫೆನ್ಸ್‌ಮನ್ ಅಂದ್ರೆ ಎದುರಾಳೀನ ಗುದ್ದಿ ಬೀಳಿಸೋನು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಲಿಡ್‌ಸ್ಟ್ರಾಮ್ ಆಟ ಹಾಗಲ್ಲ. ಎದುರಿನವನು ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ತಗೊಂಡು ನುಗ್ಗಿ ಬರ್ತಿದ್ರೆ ಇವರು ಹಿಂದಕ್ಕೆ ಸ್ಕೇಟ್ ಮಾಡ್ತಾ, ನಡುವೆ ಹೆಚ್ಚೂಕಮ್ಮಿ ಒಂದು ಸ್ಟಿಕ್ ಉದ್ದದ ಜಾಗ ಇಟ್ಕೊಂಡು, ಅವನು ತಾನಾಗೇ ಗೋಡೆ ಕಡೆ ಸರಿಯೋ ಹಾಗೆ ಮಾಡಿ, ಸ್ಟಿಕ್ ತುದೀಲಿ ಪಕ್ ತಟ್ಟಿ ಕಿತ್ಕೊಂಡು ಬಿಡೋರು, ಮೈ ತಾಗಿಸೋ ಅಗತ್ಯಾನೇ ಹೆಚ್ಚಾಗಿ ಬರ್ತಿರ್ಲಿಲ್ಲ. ನನಗೆ ಇದೇ ಅವರ ನಿಜವಾದ ದೊಡ್ಡತನ, ಮೈ ಕಮ್ಮಿ ಸವೆದಿದ್ದಕ್ಕೇ ಅಷ್ಟು ವರ್ಷ ಆಡಿದ್ರು ಅನ್ಸುತ್ತೆ.

ಸ್ವೀಡನ್ ಹುಡುಗ, 1989ರ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 53ನೇಯವರಾಗಿ ಡೆಟ್ರಾಯಿಟ್ ರೆಡ್ ವಿಂಗ್ಸ್‌ಗೆ ಸಿಕ್ಕಿದ್ದು. 1991ರಿಂದ 2012ರವರೆಗೂ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅದೊಂದೇ ಟೀಮು, 1,564 ಮ್ಯಾಚು, ಲೀಗ್ ಚಾಂಪಿಯನ್‌ಗೆ ಕೊಡೋ ಸ್ಟ್ಯಾನ್ಲಿ ಕಪ್ 4 ಸಲ. ಬೆಸ್ಟ್ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿ 7 ಸಲ, ಅದ್ರಲ್ಲಿ ಮೊದಲನೇದು ಬಂದಿದ್ದೇ 2001ರಲ್ಲಿ, 31ನೇ ವಯಸ್ಸಲ್ಲಿ!

ಬರೀ ತಡೆಯೋದಲ್ಲ, ಹೊಡೆಯೋದೂ ಗೊತ್ತಿತ್ತು. 2002ರ ಪ್ಲೇಆಫಲ್ಲಿ ವ್ಯಾಂಕೂವರ್ ಎದುರು ಮೊದಲ 2 ಮ್ಯಾಚ್ ಸೋತು ಕೂತಿದ್ದಾಗ ಮೂರನೇದ್ರಲ್ಲಿ ರಿಂಕ್ ಮಧ್ಯದಿಂದ ಹೊಡೆದ ಶಾಟ್ ಗೋಲಾಯ್ತು, ಅಲ್ಲಿಂದ ಸರಣೀನೇ ತಿರುಗಿ ಡೆಟ್ರಾಯಿಟ್ ಗೆದ್ದು, ಕಪ್ಪೂ ತಗೊಂಡ್ತು. 2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲಲ್ಲಿ ಫಿನ್ಲೆಂಡ್ ವಿರುದ್ಧ ಗೆಲುವಿನ ಗೋಲೂ ಇವರದ್ದೇ.

ಯೂಟ್ಯೂಬಲ್ಲಿ ಗೋಲ್‌ಗಳಷ್ಟೇ ಹುಡುಕ್ಬೇಡಿ, ಒಂದು ಹಳೇ ಮ್ಯಾಚ್ ಹಾಕ್ಕೊಂಡು ಪಕ್ ಬಿಟ್ಟು ಲಿಡ್‌ಸ್ಟ್ರಾಮ್ ಜರ್ಸಿಯ 5ನೇ ನಂಬರ್‌ನ ಮಾತ್ರ ನೋಡಿ.